ಗೊಂಬೆಗೆ ಪೀಠ ಬಂದಿದ್ದು ಯಾಕೆ?

1/5
ಹೋಪಿ ಜನರ ಮರದ ಗೊಂಬೆಯ ಫೋಟೋ ಎಲ್ಲಾದ್ರೂ ಸಿಕ್ರೆ ಮೊದಲು ಕಾಲು ನೋಡಿ. ಹಳೇ ಗೊಂಬೆಗಳಿಗೆ ಸಾಮಾನ್ಯವಾಗಿ ಪೀಠ ಇರಲ್ಲ. ಅವು ಶೋಕೇಸ್‌ಗೆ ಅಂತ ಮಾಡಿದ್ದಲ್ಲ, ಮನೆಯ ಗೋಡೆಗೋ ತೊಲೆಗೋ ತೂಗುಹಾಕೋಕೆ ಮಾಡಿದ್ದು.

2/5
ಹೋಪಿಗಳ ಊರುಗಳಿರೋದು ಅಮೆರಿಕದ ಅರಿಜೋನಾದ ಒಣ ಬೆಟ್ಟಗಳ ಮೇಲೆ. ಅಲ್ಲಿ ಮಳೆ, ಮೆಕ್ಕೆಜೋಳ ಎರಡೂ ಕಾತ್ಸಿನ ಎಂಬ ದೈವಶಕ್ತಿಗಳ ಕೃಪೆ ಅನ್ನೋ ನಂಬಿಕೆ. ವರ್ಷದಲ್ಲಿ ಸುಮಾರು ಅರ್ಧ ಕಾಲ ಕಾತ್ಸಿನಗಳು ಊರಲ್ಲಿರ್ತವೆ, ಜುಲೈ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೋ ಶಿಖರಗಳಿಗೆ ಮರಳುತ್ತವೆ. ಹಬ್ಬದಲ್ಲಿ ಅವು ಹೆಣ್ಣುಮಕ್ಕಳಿಗೆ ಕೊಡೋ ಉಡುಗೊರೆಯೇ ಈ ಗೊಂಬೆ. ಹೆಸರು ತಿಹು. ಕೆತ್ತೋದು ಕಾಟನ್‌ವುಡ್ ಮರದ ಬೇರಿನಿಂದ, ನೀರು ಹುಡುಕಿ ಹೋಗೋ ಬೇರು ಅದು.

3/5
ಹಾಗಾದ್ರೆ ಬೆಲೆ ಎಲ್ಲಿಂದ ಬಂತು? 19ನೇ ಶತಮಾನದ ಕೊನೆಗೆ ಮ್ಯೂಸಿಯಂನವರು ಬಂದು ಸಂಗ್ರಹ ಶುರು ಮಾಡಿದ್ರು. ಹಿಂದೆಯೇ ರೈಲು, ರೈಲಿನ ಜೊತೆ ಪ್ರವಾಸಿಗರು. 1905ರಲ್ಲಿ ಫ್ರೆಡ್ ಹಾರ್ವಿ ಕಂಪನಿ ಗ್ರ್ಯಾಂಡ್ ಕ್ಯಾನ್ಯನ್ ಅಂಚಲ್ಲಿ 'ಹೋಪಿ ಹೌಸ್' ತೆರೆದು ಕರಕುಶಲ ವಸ್ತು ಮಾರೋಕೆ ಶುರುಮಾಡ್ತು. ಕೊಳ್ಳುವವರಿಗೆ ಶೆಲ್ಫ್ ಮೇಲೆ ನಿಲ್ಲೋ ಗೊಂಬೆ ಬೇಕಿತ್ತು. ಕಾಲಕ್ರಮೇಣ ಪೀಠ ಬಂತು, ಕುಣಿಯೋ ಭಂಗಿ ಬಂತು, ಕೆತ್ತಿದವರ ಸಹಿಯೂ ಬಂತು. ರಾಜಕಾರಣಿ ಬ್ಯಾರಿ ಗೋಲ್ಡ್‌ವಾಟರ್ ಒಬ್ಬರ ಹತ್ರವೇ 437 ಗೊಂಬೆ ಇದ್ವು, 1964ರಲ್ಲಿ ಅವನ್ನ ಫೀನಿಕ್ಸ್‌ನ ಹರ್ಡ್ ಮ್ಯೂಸಿಯಂಗೆ ಕೊಟ್ರು.

4/5
ಇಲ್ಲೊಂದು ಗೆರೆ ಇದೆ. ಗೊಂಬೆ ಬೇರೆ, ಆಚರಣೆಯ ಪವಿತ್ರ ಮುಖವಾಡ ಬೇರೆ. ಮುಖವಾಡ ಹೋಪಿಗಳಿಗೆ ವಸ್ತುವಲ್ಲ, ಜೀವ ಇರೋ ಬಂಧು. ಅದು ಇಡೀ ಸಮುದಾಯದ್ದು, ಒಬ್ಬರು ಮಾರೋ ಹಾಗಿಲ್ಲ. 2013ರ ಏಪ್ರಿಲ್‌ನಲ್ಲಿ ಪ್ಯಾರಿಸ್‌ನಲ್ಲಿ ಅಂಥ ಸುಮಾರು 70 ಮುಖವಾಡ ಹರಾಜಿಗೆ ಬಂದ್ವು. ಹೋಪಿಗಳು ಬೇಡ ಅಂದ್ರೂ ಕೋರ್ಟ್ ತಡೆಯಲಿಲ್ಲ. ಡಿಸೆಂಬರ್‌ನ ಇನ್ನೊಂದು ಹರಾಜಲ್ಲಿ ಆನೆನ್‌ಬರ್ಗ್ ಫೌಂಡೇಶನ್ 24 ವಸ್ತು ಕೊಂಡಿತು, ವಾಪಸ್ ಕೊಡೋಕೆ ಅಂತಲೇ. ಅದರಲ್ಲಿ 21 ಹೋಪಿಗಳದ್ದು. ತಮ್ಮದೇ ಬಂಧುಗಳು ಮನೆಗೆ ಬರೋಕೆ ಯಾರೋ ದುಡ್ಡು ಕೊಡಬೇಕಾಯ್ತು.

5/5
ಹಾಗಂತ ಗೊಂಬೆ ಕೊಳ್ಳೋದೇ ತಪ್ಪಾ? ಇಲ್ಲ. ಇವತ್ತು ಎಷ್ಟೋ ಹೋಪಿ ಕಲಾವಿದರ ಜೀವನ ನಡೆಯೋದು ಕೆತ್ತನೆಯಿಂದಲೇ. ನಕಲಿ ಮಾಲನ್ನ 'ಮೂಲನಿವಾಸಿಗಳು ಮಾಡಿದ್ದು' ಅಂತ ಮಾರೋದು ಅಮೆರಿಕದ 1990ರ ಕಾನೂನಿನ ಪ್ರಕಾರ ಅಪರಾಧ. ನಮ್ಮ ಕಾಸ್ಟ್ ಶೀಟ್‌ನಲ್ಲಿ ಮರ, ಬಣ್ಣ, ಕೂಲಿ ಎಲ್ಲಕ್ಕೂ ಜಾಗ ಇದೆ, ಉಡುಗೊರೆಗೆ ಕಾಲಮ್ ಇಲ್ಲ. ಅದಕ್ಕೇ ಸಂಗ್ರಹ ಮಾಡೋರು ರೇಟ್ ಕೇಳೋಕೆ ಮೊದಲು ಎರಡು ಪ್ರಶ್ನೆ ಕೇಳಬೇಕು: ಕೆತ್ತಿದ್ದು ಯಾರು? ಮಾರೋಕೆ ಅಂತಲೇ ಕೆತ್ತಿದ್ರಾ?

ಸೇವ್ ಮಾಡ್ಕೊಳ್ಳಿ, ಫ್ರೆಂಡ್ಸ್‌ಗೂ ಕಳಿಸಿ.