ಮಂಗಳೂರು–ಯಲಬುರ್ಗಾ ಸೀಮೆ: ಚರಿತ್ರೆ ಮತ್ತು ಸ್ಮಾರಕಗಳು

ಕೊಪ್ಪಳ ಜಿಲ್ಲೆಯ ಮಂಗಳೂರು, ಕುಕನೂರು, ಇಟಗಿ, ಯಲಬುರ್ಗಾಗಳ ಈ ಸೀಮೆ ಎರೆಭೂಮಿಯ ಬೇಸಾಯದ ನಾಡು. ಮಳೆ ಇಲ್ಲಿ ಕಡಿಮೆ, ಚರಿತ್ರೆ ಮಾತ್ರ ದಟ್ಟ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳ ಬಂಡೆಗಳ ಮೇಲೆ ಕ್ರಿ.ಪೂ. 3ನೆಯ ಶತಮಾನದ ಅಶೋಕನ ಶಾಸನಗಳಿವೆ. ಕೊಪಣವೆಂಬ ಹೆಸರಿನಲ್ಲಿ ಕೊಪ್ಪಳ ಜೈನರ ಮಹಾತೀರ್ಥವಾಗಿತ್ತು. ತಿರುಳ್ಗನ್ನಡದ ನೆಲೆಗಳಲ್ಲೊಂದೆಂದು ಕವಿರಾಜಮಾರ್ಗವೂ ಅದನ್ನು ಹೆಸರಿಸುತ್ತದೆ.

ಕುಕನೂರಿನ ನವಲಿಂಗ ದೇವಾಲಯ ರಾಷ್ಟ್ರಕೂಟರ ಕಾಲದ್ದು. ಅಲ್ಲಿಯ ಕಲ್ಲೇಶ್ವರ ಗುಡಿಯಲ್ಲಿ ಆ ಶೈಲಿ ಕಲ್ಯಾಣ ಚಾಲುಕ್ಯರ ಶೈಲಿಯತ್ತ ಹೊರಳುವುದನ್ನು ಕಾಣಬಹುದು. ಹೊರಳಿದ ಶೈಲಿ ಪೂರ್ಣವಾಗಿ ಅರಳಿದ್ದು ಇಟಗಿಯಲ್ಲಿ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಮಹಾದೇವ ದೇವಾಲಯವನ್ನು ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಆ ಬಿರುದು ಉತ್ಪ್ರೇಕ್ಷೆಯಲ್ಲ. ಮೃದುವಾದ ಬಳಪದ ಕಲ್ಲಿನಲ್ಲಿ ಕಡೆದ ಕಂಬಗಳ ನುಣುಪು, ಬಾಗಿಲವಾಡಗಳ ಸೂಕ್ಷ್ಮ ಕೆತ್ತನೆ, ಸಾಲು ಕಂಬಗಳ ತೆರೆದ ಮಂಟಪ, ಎದುರಿನ ಪುಷ್ಕರಣಿ ಇವನ್ನೆಲ್ಲ ನಿಧಾನವಾಗಿ ನೋಡಬೇಕು.

ಎರಂಬರಗೆ ಎಂಬ ಹೆಸರಿದ್ದ ಯಲಬುರ್ಗಾ, ಚಾಲುಕ್ಯರ ಸಾಮಂತರಾದ ಸಿಂದರ ರಾಜಧಾನಿ. ವಿಜಯನಗರದ ನಂತರ ಸೀಮೆ ಹಲವು ಕೈಗಳಿಗೆ ಸಾಗಿತು. ಕೊಪ್ಪಳದ ಕೋಟೆಯನ್ನು ಟಿಪ್ಪು ಸುಲ್ತಾನ್ ಫ್ರೆಂಚ್ ಎಂಜಿನಿಯರುಗಳಿಂದ ಬಲಪಡಿಸಿದ. 1858ರಲ್ಲಿ ಅದೇ ಕೋಟೆಯಲ್ಲಿ ಮುಂಡರಗಿ ಭೀಮರಾಯ ಬ್ರಿಟಿಷರೊಡನೆ ಹೋರಾಡಿ ಮಡಿದ.

ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದ ಈ ಭಾಗ 1948ರ ಸೆಪ್ಟೆಂಬರಿನಲ್ಲಿ ಭಾರತದ ಒಕ್ಕೂಟಕ್ಕೆ ಸೇರಿ, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆ 1997ರಲ್ಲಿ ರಚನೆಯಾಯಿತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಅದರ ಮೊದಲ ತಾಲ್ಲೂಕುಗಳು; ಕುಕನೂರು ಮುಂದೆ ಯಲಬುರ್ಗಾದಿಂದ ಬೇರೆಯಾಗಿ ತಾಲ್ಲೂಕು ಕೇಂದ್ರವಾಯಿತು.