ರೆಪ್ಪೆ ಊದಿದ ದಿನ: ಕಪ್ಪು ಶಿಲೀಂಧ್ರ, ಕಣ್ಣುಗೂಡಿನ ಶಸ್ತ್ರಚಿಕಿತ್ಸೆ ಮತ್ತು ಪಂಚವಟಿಯ ಸೀಮೆ

ಕೋವಿಡ್‌ನ ಎರಡನೆಯ ಅಲೆ ಇಳಿಯುವ ಮೊದಲೇ, 2021ರ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಆಸ್ಪತ್ರೆಗಳಿಗೆ ಬೇರೊಂದು ಬಗೆಯ ರೋಗಿಗಳು ಬರತೊಡಗಿದರು. ಗುಣವಾಗಿ ಮನೆ ಸೇರಿದ್ದವರು ಒಂದು ಕಡೆಯ ರೆಪ್ಪೆ ಊದಿ, ಅದನ್ನು ಮೇಲೆತ್ತಲಾಗದೆ, ಕೆನ್ನೆ ಜೋಮು ಹಿಡಿದು ಮರಳಿ ಬಂದರು. ಗೋದಾವರಿ ದಡದ ಪಂಚವಟಿಯನ್ನು ಒಳಗೊಂಡ ನಾಸಿಕ್‌ನಲ್ಲೂ, ಆಗ ಔರಂಗಾಬಾದ್ ಎನಿಸಿಕೊಂಡಿದ್ದ ಛತ್ರಪತಿ ಸಂಭಾಜಿನಗರದಲ್ಲೂ ‘ಬ್ಲ್ಯಾಕ್ ಫಂಗಸ್’ ಮನೆಮನೆಯ ಮಾತಾಯಿತು. ಮೇ 20ರಂದು ಕೇಂದ್ರ ಆರೋಗ್ಯ ಸಚಿವಾಲಯ ಇದನ್ನು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯಡಿ ಅಧಿಸೂಚಿತ ರೋಗವೆಂದು ಘೋಷಿಸಲು ರಾಜ್ಯಗಳಿಗೆ ಸೂಚಿಸಿತು. ಕರ್ನಾಟಕವೂ ಅದೇ ತಿಂಗಳು ಘೋಷಿಸಿ, ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯನ್ನು ಚಿಕಿತ್ಸೆಗೆ ಗೊತ್ತುಮಾಡಿತು. ಈ ರೋಗದಲ್ಲಿ ದೃಷ್ಟಿ ಹೋಗುವ ಮೊದಲು ರೆಪ್ಪೆ, ಕಣ್ಣೀರಿನ ನಾಳ, ಕಣ್ಣುಗೂಡಿನ ಒಳಗೋಡೆಗಳು ಸುಳಿವು ಕೊಡುತ್ತವೆ. ಆ ಸುಳಿವನ್ನು ಓದುವುದರಲ್ಲೂ, ಗೂಡು ಬರಿದಾದ ಮೇಲೆ ಮುಖವನ್ನು ಮರಳಿ ಕಟ್ಟುವುದರಲ್ಲೂ ನಮ್ಮ ವೈದ್ಯ ವ್ಯವಸ್ಥೆ ಹಿಂದೆ ಬಿದ್ದಿದೆ ಎಂಬುದು ಈ ಲೇಖನದ ವಾದ.

ರೋಗದ ನಡೆಯನ್ನು ತುಸು ವಿವರವಾಗಿ ನೋಡಬೇಕು. ರೈಜೋಪಸ್ ಮತ್ತು ಅದರ ಬಳಗದ ಶಿಲೀಂಧ್ರಗಳ ಬೀಜಕಣಗಳು ಮಣ್ಣಿನಲ್ಲೂ ಕೊಳೆತ ಎಲೆಯಲ್ಲೂ ಎಲ್ಲೆಡೆ ಇವೆ. ಅವನ್ನು ನಾವು ದಿನವೂ ಉಸಿರಿನೊಂದಿಗೆ ಒಳಗೆಳೆಯುತ್ತೇವೆ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದಾಗ, ಸ್ಟೀರಾಯ್ಡ್ ದೇಹದ ಕಾವಲನ್ನು ಸಡಿಲಿಸಿದಾಗ ಅವು ಮೂಗಿನೊಳಗೆ ಬೇರು ಬಿಡುತ್ತವೆ. ರಕ್ತನಾಳದ ಗೋಡೆಯನ್ನು ಕೊರೆದು ಒಳಹೊಕ್ಕು ರಕ್ತವನ್ನು ಹೆಪ್ಪುಗಟ್ಟಿಸುವುದು ಇವುಗಳ ಸ್ವಭಾವ. ರಕ್ತ ಸಿಗದ ಅಂಗಾಂಶ ಸತ್ತು ಕಪ್ಪಾಗುತ್ತದೆ. ರಕ್ತ ಹರಿಯದ ಕಡೆಗೆ ಶಿಲೀಂಧ್ರನಾಶಕ ಔಷಧವಾದ ಆಂಫೊಟೆರಿಸಿನ್-ಬಿ ಕೂಡ ತಲುಪಲಾರದು. ಹೀಗಾಗಿಯೇ ಸತ್ತ ಭಾಗವನ್ನು ಕತ್ತರಿಸಿ ತೆಗೆಯುವುದು ಚಿಕಿತ್ಸೆಯ ಅನಿವಾರ್ಯ ಅಂಗ.

ಏಳು ಮೂಳೆಗಳು ಕೂಡಿ ಕಟ್ಟಿದ ಕಣ್ಣುಗೂಡಿನ ಒಳಗಾತ್ರ ಸುಮಾರು 30 ಮಿಲಿಲೀಟರ್. ಅದರ ಮೂಗಿನ ಕಡೆಯ ಗೋಡೆ ಅರ್ಧ ಮಿಲಿಮೀಟರಿಗಿಂತ ತೆಳು, ಕಾಗದದಂಥದು. ಅದರ ಆಚೆಗೇ ಸೈನಸ್ಸಿನ ಕೋಣೆಗಳು. ಸಣ್ಣ ರಕ್ತನಾಳಗಳು ಈ ಗೋಡೆಯ ರಂಧ್ರಗಳ ಮೂಲಕ ಹಾಯುತ್ತವೆ. ತುಸು ಮುಂದೆ ಕಣ್ಣೀರಿನ ನಾಳ ಮೂಗಿಗೆ ಇಳಿಯುತ್ತದೆ. ಶಿಲೀಂಧ್ರಕ್ಕೆ ಇವೆಲ್ಲ ದಾರಿಗಳೇ.

ನೇತ್ರವೈದ್ಯ ಸಂತೋಷ್ ಹೊನ್ನಾವರ್ 2021ರಲ್ಲಿ ಮುಂದಿಟ್ಟ ಹಂತ ವಿಂಗಡಣೆ ಈ ದಾರಿಯನ್ನೇ ಅನುಸರಿಸುತ್ತದೆ: ಮೊದಲ ಹಂತ ಮೂಗಿನ ಒಳಪದರ, ಎರಡನೆಯದು ಸೈನಸ್, ಮೂರನೆಯದು ಕಣ್ಣುಗೂಡು, ನಾಲ್ಕನೆಯದು ಮಿದುಳು. ಮೂರನೆಯ ಹಂತದ ಆರಂಭವಾದ 3ಎಯಲ್ಲಿ ಕಣ್ಣೀರಿನ ನಾಳ ಅಥವಾ ಗೂಡಿನ ಒಳಬದಿ ಮಾತ್ರ ಕೆಟ್ಟಿರುತ್ತದೆ, ದೃಷ್ಟಿ ಉಳಿದಿರುತ್ತದೆ. 3ಸಿಗೆ ಬಂದಾಗ ಅಕ್ಷಿಪಟಲದ ಮುಖ್ಯ ರಕ್ತನಾಳ ಮುಚ್ಚಿಹೋಗಿಯೋ, ಗೂಡಿನ ಹಿಂತುದಿ ರೋಗಕ್ಕೆ ಸಿಕ್ಕಿಯೋ ದೃಷ್ಟಿ ಹೋಗಿರುತ್ತದೆ.

ಈ ಎರಡರ ನಡುವಿನ ಅವಧಿ ಎಷ್ಟು ಬೆಲೆಯುಳ್ಳದ್ದೆಂಬುದು ದೇಶದಾದ್ಯಂತ 2,826 ರೋಗಿಗಳ ಮಾಹಿತಿ ಕಲೆಹಾಕಿ ಅದೇ ವರ್ಷ ಪ್ರಕಟವಾದ ‘ಕಾಸ್ಮಿಕ್’ ಅಧ್ಯಯನದಲ್ಲಿದೆ. ರೋಗಿಗಳಲ್ಲಿ ಶೇ. 22 ಗುಜರಾತಿನವರು, ಶೇ. 21 ಮಹಾರಾಷ್ಟ್ರದವರು. ಶೇ. 78 ಮಂದಿಗೆ ಸಕ್ಕರೆ ಕಾಯಿಲೆಯಿತ್ತು. ಕೋವಿಡ್ ಚಿಕಿತ್ಸೆಯಲ್ಲಿ ಶೇ. 87 ಮಂದಿ ಸ್ಟೀರಾಯ್ಡ್ ಪಡೆದಿದ್ದರು. ಆದರೆ ಆಮ್ಲಜನಕ ಬೇಕಾದವರು ಶೇ. 57 ಮಾತ್ರ. ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್, ಹೆಚ್ಚೆಂದರೆ 10 ದಿನ, ಅದೂ ಆಮ್ಲಜನಕ ಬೇಕಾದವರಿಗೆ ಉಪಯುಕ್ತ ಎಂದು ಬ್ರಿಟನ್ನಿನ ‘ರಿಕವರಿ’ ಪ್ರಯೋಗ 2020ರಲ್ಲೇ ತೋರಿಸಿತ್ತು. ಆ ಶೇ. 87 ಮತ್ತು ಶೇ. 57ರ ನಡುವಿನ ಅಂತರ ನನ್ನನ್ನು ಬಹಳ ಕಾಡುತ್ತದೆ: ಬೇಡದ ಕಡೆ ಕೊಟ್ಟ ಔಷಧ ಎಷ್ಟೋ ಜನರಲ್ಲಿ ರೋಗಕ್ಕೆ ಹಾದಿ ತೆರೆದಿರಬೇಕು. ರೋಗಿಗಳಲ್ಲಿ ಶೇ. 72 ಮಂದಿಯ ಕಣ್ಣುಗೂಡಿಗೆ ರೋಗ ತಾಗಿತ್ತು. 3ಸಿ ಹಂತವೊಂದರಲ್ಲೇ ಶೇ. 27. ಕಣ್ಣಲ್ಲಿ ನೀರು ಸುರಿಯುವುದು, ಒಳಮೂಲೆ ಊದುವುದು, ರೆಪ್ಪೆ ಜೋಲುವುದು ನಮ್ಮ ಹಳ್ಳಿಪಟ್ಟಣಗಳಲ್ಲಿ ಹನಿ ಔಷಧದಲ್ಲಿ ಮುಗಿಸುವ ತೊಂದರೆಗಳು. ಸಕ್ಕರೆ ಕಾಯಿಲೆಯವರಲ್ಲಿ, ಅದರಲ್ಲೂ ಸ್ಟೀರಾಯ್ಡ್ ಪಡೆದವರಲ್ಲಿ, ಇವು ಕಂಡ ದಿನವೇ ಮೂಗಿನ ಎಂಡೊಸ್ಕೊಪಿ ನಡೆಯಬೇಕು.

ರೋಗ ಗೂಡಿನೊಳಗೆ ಹೊಕ್ಕ ಮೇಲೆ ಶಸ್ತ್ರವೈದ್ಯರ ಮುಂದಿರುವುದು ಕಠಿಣ ಆಯ್ಕೆ. ಆರಂಭದಲ್ಲೇ ಸೈನಸ್ಸನ್ನು ಶುಚಿಮಾಡಿ, ಕಣ್ಣಿನ ಹಿಂಬದಿಗೆ ಆಂಫೊಟೆರಿಸಿನ್ ಚುಚ್ಚಿದರೆ ಕೆಲವರ ಕಣ್ಣು ಉಳಿಯುತ್ತದೆ, ಕಾಸ್ಮಿಕ್‌ನ ಶೇ. 22 ರೋಗಿಗಳಿಗೆ ಈ ಚುಚ್ಚುಮದ್ದು ಸಿಕ್ಕಿತ್ತು. ಗೂಡಿನ ಬಹುಭಾಗ ಸತ್ತಾಗ ಗುಡ್ಡೆ, ಸ್ನಾಯು, ಕೊಬ್ಬು, ಮೂಳೆಯ ಪೊರೆ, ಕೆಲವೊಮ್ಮೆ ರೆಪ್ಪೆಯನ್ನೂ ಸೇರಿಸಿ ಗೂಡನ್ನೇ ಬರಿದು ಮಾಡಬೇಕಾಗುತ್ತದೆ. ಮಿದುಳಿಗೆ ಹಬ್ಬಿದ ನಾಲ್ಕನೆಯ ಹಂತದಲ್ಲಿ ಸೈನಸ್ ಶುದ್ಧಿಯ ಜೊತೆಗೆ ಇದನ್ನೂ ಮಾಡಿದವರಲ್ಲಿ ಸಾವಿನ ಪ್ರಮಾಣ ಶೇ. 52ರಿಂದ 39ಕ್ಕೆ ಇಳಿಯಿತು. ಮುಖ ಕೆಡುತ್ತದೆಂದು ಮನೆಯವರು ಹಿಂಜರಿದಾಗ ಮುಂದಿಡಬೇಕಾದ ಅಂಕಿ ಇದು.

ರೆಪ್ಪೆ ಮತ್ತು ಕಣ್ಣೀರಿನ ದಾರಿಯ ಕಾಯಿಲೆಗಳನ್ನು ಪ್ರತ್ಯೇಕವಾಗಿ ಗಮನಿಸುವ ಪರಂಪರೆ ನಮ್ಮಲ್ಲಿ ಹಳೆಯದು. ಸುಶ್ರುತ ಸಂಹಿತೆಯ ಉತ್ತರತಂತ್ರ ಎಣಿಸುವ 76 ನೇತ್ರರೋಗಗಳಲ್ಲಿ 21 ರೆಪ್ಪೆಯವು, 9 ಸಂಧಿಗಳವು. ಕಣ್ಣೀರಿನ ಚೀಲ ಕೀವುಗಟ್ಟುವ ‘ಪೂಯಾಲಸ’ ಈ ಒಂಬತ್ತರಲ್ಲಿ ಒಂದು. ರೆಪ್ಪೆಗೂದಲು ಒಳಕ್ಕೆ ತಿರುಗಿ ಚುಚ್ಚುವ ಪಕ್ಷ್ಮಕೋಪಕ್ಕೆ ಜವೆಯಾಕಾರದ ಚರ್ಮದ ತುಂಡನ್ನು ತೆಗೆದು ಕೂದಲಿನಿಂದ ಹೊಲಿಯುವ ವಿಧಾನವೂ ಅಲ್ಲಿದೆ.

ಮುಖವನ್ನು ಮರಳಿ ಕಟ್ಟುವ ಚರಿತ್ರೆ ಈ ಸೀಮೆಗೆ ಇನ್ನೂ ಹತ್ತಿರದ್ದು. ಲಕ್ಷ್ಮಣ ಶೂರ್ಪನಖಿಯ ಮೂಗು ಕೊಯ್ದ ಕತೆಯನ್ನು ಪಂಚವಟಿ ಇಂದಿಗೂ ತನ್ನದೆಂದು ಹೇಳಿಕೊಳ್ಳುತ್ತದೆ. ಚರಿತ್ರೆಯಲ್ಲೂ ಮೂಗು ಕೊಯ್ಯುವುದು ಶಿಕ್ಷೆಯಾಗಿತ್ತು. 1792ರ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಯಲ್ಲಿ ಮೂಗು ಕಳೆದುಕೊಂಡ, ಇಂಗ್ಲಿಷ್ ಸೈನ್ಯದ ಎತ್ತು ಹೊಡೆಯುವ ಕಾವಸ್‌ಜಿಗೆ ಪುಣೆಯ ಬಳಿ ಹಣೆಯ ಚರ್ಮದಿಂದ ಹೊಸ ಮೂಗು ಕಟ್ಟಿದ ವರದಿ 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಬಂತು. ಅದನ್ನು ಅನುಸರಿಸಿ ಜೋಸೆಫ್ ಕಾರ್ಪ್ಯೂ 1814ರಲ್ಲಿ ಅಲ್ಲಿ ಶಸ್ತ್ರಕ್ರಿಯೆ ಮಾಡಿದ. ಅದೇ ಹಣೆಯ ಚರ್ಮ ಇಂದು ಕಣ್ಣಿನ ಒಳಮೂಲೆಯನ್ನು ಕಟ್ಟಲು ಬಳಕೆಯಲ್ಲಿದೆ. ಆದರೆ ಕಪ್ಪು ಶಿಲೀಂಧ್ರದ ರೋಗಿಗಳಲ್ಲಿ ಎಚ್ಚರ ಬೇಕು: ಆ ಚರ್ಮವನ್ನು ಪೋಷಿಸುವ ರಕ್ತನಾಳ ಕಣ್ಣುಗೂಡಿನಿಂದಲೇ ಹೊರಡುವಂಥದು. ರೋಗ ಹತೋಟಿಗೆ ಬರುವವರೆಗೆ ಕಾದು, ಕಣತಲೆಯ ಸ್ನಾಯು ಅಥವಾ ತೊಡೆಯ ಚರ್ಮದ ಕಸಿಯಿಂದ ಗೂಡನ್ನು ಮುಚ್ಚುವುದು ಹಲವರಿಗೆ ಹೆಚ್ಚು ಸುರಕ್ಷಿತ.

ನಂತರದ್ದು ಸಿಲಿಕೋನ್ ಕೃತಕಾಂಗದ ಕೆಲಸ. ಬರಿದಾದ ಗೂಡಿಗೆ ಸಾಮಾನ್ಯ ಕೃತಕ ಕಣ್ಣು ಕೂರುವುದಿಲ್ಲ. ರೆಪ್ಪೆ, ಹುಬ್ಬು, ಚರ್ಮದ ಬಣ್ಣ ಎಲ್ಲವನ್ನೂ ಸೇರಿಸಿ ಆಯಾ ಮುಖಕ್ಕೆ ತಕ್ಕಂತೆ ತಯಾರಿಸಿ, ಕನ್ನಡಕಕ್ಕೋ ಮೂಳೆಯಲ್ಲಿ ಕೂರಿಸಿದ ಆಯಸ್ಕಾಂತಕ್ಕೋ ಜೋಡಿಸಬೇಕು. ಬಣ್ಣ ಮಾಸುವುದರಿಂದ ಕೆಲವು ವರ್ಷಕ್ಕೊಮ್ಮೆ ಹೊಸದು ಬೇಕು. ಮಹಾರಾಷ್ಟ್ರ ಸರ್ಕಾರ 2021ರಲ್ಲಿ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಡಿ ಈ ರೋಗದ ಚಿಕಿತ್ಸೆಗೆ ನೆರವು ಕೊಟ್ಟಿತು. ಅಂಥ ನೆರವು ಹಾಸಿಗೆ ಬಿಟ್ಟ ದಿನಕ್ಕೆ ನಿಲ್ಲದೆ ಕೃತಕಾಂಗಕ್ಕೂ ಅದರ ಬದಲಾವಣೆಗೂ ಚಾಚಬೇಕು. ಮುಖದ ಕೃತಕಾಂಗ ಮಾಡುವ ಪರಿಣತರು ಹೆಚ್ಚಾಗಿ ದಂತ ವೈದ್ಯಕೀಯ ಕಾಲೇಜುಗಳಲ್ಲಿರುತ್ತಾರೆ. ಛತ್ರಪತಿ ಸಂಭಾಜಿನಗರದಲ್ಲಿ ‘ಘಾಟಿ’ ಎಂದು ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜಿನೊಂದಿಗೆ ಸರ್ಕಾರಿ ದಂತ ಕಾಲೇಜೂ ಇದೆ. ಬೆಂಗಳೂರಿನಲ್ಲಿ ಮಿಂಟೊ ಕಣ್ಣಿನ ಆಸ್ಪತ್ರೆಯ ಜೊತೆಗೆ ಅಂಥದೇ ದಂತ ಕಾಲೇಜಿದೆ. ಗೂಡು ಬರಿದಾದ ಪ್ರತಿ ರೋಗಿಯ ಡಿಸ್ಚಾರ್ಜ್ ಚೀಟಿಯಲ್ಲಿ ಸಕ್ಕರೆ ತಪಾಸಣೆ, ಮೂಗಿನ ಎಂಡೊಸ್ಕೊಪಿ, ಎಮ್‌ಆರ್‌ಐ ದಿನಾಂಕಗಳ ಕೆಳಗೆ ಆ ಕಾಲೇಜಿನ ವಿಭಾಗದ ಹೆಸರು ಮತ್ತು ಭೇಟಿಯ ದಿನಾಂಕವನ್ನೂ ಬರೆದು ಕಳಿಸಬೇಕು.