ಮೀನ್ ಅಂದ್ರೆ ಯಾವ್ ಮೀನ್?

ಡಿಸೆಂಬರಿನಲ್ಲಿ ಕುಂದಾಪುರಕ್ಕೆ ಹೋದಾಗಲೆಲ್ಲ ನನ್ನ ಬೆಂಗಳೂರಿನ ಕನ್ನಡಕ್ಕೆ ಮೊದಲ ಪೆಟ್ಟು ಬೀಳುವುದು ಮೀನಿನ ಬುಟ್ಟಿಯ ಮುಂದೆ. ರಾತ್ರಿ ಬಸ್ಸಿಳಿದು, ಕಿವಿಗೆ ಮಫ್ಲರ್ ಸುತ್ತಿಕೊಂಡು, ಗಂಗೊಳ್ಳಿ ಕಡೆಯಿಂದ ಬುಟ್ಟಿ ಹೊತ್ತು ಬಂದವಳನ್ನು ನಿಲ್ಲಿಸಿ ‘ಮೀನು ಇದೆಯಾ?’ ಎಂದು ಕೇಳಿದೆ. ಆಕೆ ಬುಟ್ಟಿ ಇಳಿಸಲೂ ಇಲ್ಲ. ‘ಮೀನ್ ಅಂದ್ರೆ ಯಾವ್ ಮೀನ್?’ ಎಂದಳು. ಬಟ್ಟೆ ಅಂಗಡಿಗೆ ಹೋಗಿ ‘ಬಟ್ಟೆ ಇದೆಯಾ’ ಎಂದು ಕೇಳಿದವನನ್ನು ನೋಡುವ ನೋಟ ಅದು.

ತಪ್ಪು ನನ್ನದೇ. ಕಡಲ ಬದಿಯಲ್ಲಿ ಮೀನು ಎಂಬ ಮಾತಿಗೆ ಕೆಲಸ ಕಡಿಮೆ. ಬಂಗುಡೆ ಇದೆಯಾ, ಬೈಗೆ ಇದೆಯಾ, ಕಾಣೆ ಬಂತಾ, ಅಂಜಲ್ ಎಷ್ಟು, ಚಟ್ಲಿ ದೊಡ್ಡದಾ ಎಂದು ಕೇಳಬೇಕು. ಅದರಲ್ಲೂ ಊರು ದಾಟಿದರೆ ಹೆಸರು ಬದಲು. ನಮ್ಮ ಬೈಗೆ ಮಂಗಳೂರಿಗೆ ಹೋದರೆ ಬೂತಾಯಿ, ಕಾರವಾರಕ್ಕೆ ಹೋದರೆ ತಾರ್ಲೆ, ಕೇರಳ ಸೇರಿದರೆ ಮತ್ತಿ. ಅಂಜಲ್ ಉತ್ತರಕ್ಕೆ ಹೋಗಿ ಇಸ್ವಾಣ, ಚೆನ್ನೈಗೆ ಹೋಗಿ ವಂಜರಂ. ಒಂದೇ ಮೀನು ನೂರು ಮೈಲಿಯಲ್ಲಿ ಮೂರು ಸಲ ನಾಮಕರಣ ಮಾಡಿಸಿಕೊಳ್ಳುತ್ತದೆ. ಅವನ್ನೆಲ್ಲ ಒಟ್ಟಿಗೆ ಹಿಡಿದಿಟ್ಟ ‘ಮೀನು’ ಎಂಬ ಎರಡಕ್ಷರ ಮಾತ್ರ ಎಲ್ಲಿಗೆ ಹೋದರೂ ಮುಖ ಬದಲಿಸಿಲ್ಲ.

ಎಷ್ಟು ಬದಲಿಸಿಲ್ಲ ಎಂದರೆ, ಕನ್ನಡದ ಮನೆಯೊಳಗೇ ನೋಡಿ. ಹಳಗನ್ನಡದ ಪಾಲ್ ಹಾಲಾಯಿತು, ಪಾವು ಹಾವಾಯಿತು, ಪುಲಿ ಹುಲಿಯಾಯಿತು. ಪಕಾರಕ್ಕೆ ಕುತ್ತು ಬಂದ ಆ ಕಾಲದಲ್ಲಿ ಮಕಾರದ ಮೀನು ಬಲೆಯ ಕಣ್ಣಿನಿಂದ ಜಾರಿದಂತೆ ಜಾರಿಕೊಂಡಿತು. ಅದಕ್ಕೆ ತಗುಲಿದ್ದು ಕೊನೆಯ ಒಂದು ಉಕಾರ ಮಾತ್ರ. ಮೀನ್ ಇದ್ದದ್ದು ಮೀನು ಆಯಿತು. ನಮ್ಮ ಕುಂದಾಪುರದವರು ಅದನ್ನೂ ಒಪ್ಪಲಿಲ್ಲ, ಈಗಲೂ ‘ಮೀನ್’ ಎಂದೇ ಅನ್ನುತ್ತಾರೆ. ಇದು ಹಳಗನ್ನಡವನ್ನು ಉಳಿಸಿಕೊಂಡದ್ದಲ್ಲ, ಮಾತಿನ ಬಾಲ ಕತ್ತರಿಸುವ ನಮ್ಮ ಚಾಳಿ ಎಂದು ಭಾಷೆ ಬಲ್ಲ ಗೆಳೆಯನೊಬ್ಬ ತಕರಾರು ತೆಗೆದಿದ್ದ. ಇರಬಹುದು. ಬಾಲ ಕತ್ತರಿಸಿದ ಮೇಲೆ ಉಳಿದದ್ದು ಹಳಗನ್ನಡವೇ ಆಗಿದ್ದರೆ ನಮಗೇನು ನಷ್ಟ?

ತಮಿಳಿನಲ್ಲಿ ಮೀನ್, ಮಲಯಾಳದಲ್ಲಿ ಮೀನ್, ತುಳುವಿನಲ್ಲಿ, ಕೊಡವದಲ್ಲಿ ಮೀನ್. ಮಧ್ಯ ಭಾರತದ ಕಾಡಿನ ಗೊಂಡಿಯಲ್ಲೂ ಮೀನ್. ಕಡಲನ್ನೇ ಕಾಣದ ಗೊಂಡರಿಗೂ ಮಲ್ಪೆಯ ಮೊಗವೀರರಿಗೂ ಈ ಒಂದು ಮಾತು ಸಮಾನ. ತೆಲುಗರ ಹತ್ತಿರವೂ ಮೀನು ಇದೆ, ಆದರೆ ಅದು ಪುಸ್ತಕದ ಕಪಾಟಿನಲ್ಲಿದೆ, ಅಡುಗೆಮನೆಯಲ್ಲಿರುವುದು ಚೇಪ. ಅದಕ್ಕೆ ಪ್ರಾಯಶ್ಚಿತ್ತವೋ ಎಂಬಂತೆ ನಮ್ಮ ಬಂಗುಡೆಯ ವೈಜ್ಞಾನಿಕ ಹೆಸರಿನಲ್ಲಿ ತೆಲುಗು ಕೂತಿದೆ. ರಾಸ್ಟ್ರೆಲಿಜರ್ ಕನಗುರ್ತ ಎಂಬ ಹೆಸರಿನ ‘ಕನಗುರ್ತ’ ವಿಶಾಖಪಟ್ಟಣದ ಬೆಸ್ತರ ಮಾತು. ಪ್ಯಾಟ್ರಿಕ್ ರಸೆಲ್ ಎಂಬ ವೈದ್ಯ ಅಲ್ಲಿನ ಮೀನುಗಳ ಚಿತ್ರ ಬರೆಸಿ, ಊರಿನವರು ಹೇಳಿದ ಹೆಸರನ್ನೇ ಅದರ ಕೆಳಗೆ ಹಾಕಿ, 1803ರಲ್ಲಿ ಪುಸ್ತಕ ಮಾಡಿದ. ಫ್ರಾನ್ಸಿನ ಪ್ರಾಣಿವಿಜ್ಞಾನಿ ಕುವ್ಯೇ ಆ ಹೆಸರನ್ನು ಹಾಗೇ ಎತ್ತಿಕೊಂಡ. ನಮ್ಮ ಬುಟ್ಟಿಯವಳಿಗೆ ಇದನ್ನು ಹೇಳಿದರೆ, ‘ಕನಗುರ್ತ ಕಿಲೋಗೆ ಎಷ್ಟಂಬ್ರ್?’ ಎಂದಾಳು.

ಈ ಮೀನು ಸಂಸ್ಕೃತದಿಂದ ಬಂದದ್ದು ಎಂದು ನಂಬಿದವರು ಬಹಳ. ‘ಮೀನ’ ಇದೆಯಲ್ಲ, ಮೀನಾಕ್ಷಿ ಇದ್ದಾಳಲ್ಲ ಎನ್ನುತ್ತಾರೆ. ವ್ಯವಹಾರ ನಡೆದದ್ದು ತಿರುವುಮುರುವು. ವೇದದ ಮೀನು ಮತ್ಸ್ಯ. ಅದಕ್ಕೆ ಇರಾನಿನ ಕಡೆ ನೆಂಟರಿದ್ದಾರೆ. ಹಿಂದಿಯ ಮಛಲಿ, ಬಂಗಾಳಿಯ ಮಾಛ್, ಕೊಂಕಣಿಯ ಮಾಸ್ಳಿ ಎಲ್ಲ ಅದರ ಸಂತಾನ. ‘ಮೀನ’ ಸಂಸ್ಕೃತದಲ್ಲಿ ಕಾಣಿಸಿಕೊಳ್ಳುವುದು ತಡವಾಗಿ, ದ್ರಾವಿಡ ನುಡಿಗಳಿಂದ ತೆಗೆದುಕೊಂಡ ಕಡವಾಗಿ. ಗ್ರೀಕರ ಕೈ ದಾಟಿ ರಾಶಿಚಕ್ರ ಇಲ್ಲಿಗೆ ಬಂದಾಗ ಹನ್ನೆರಡನೆಯ ಮನೆಯಲ್ಲಿದ್ದ ಜೋಡಿಮೀನಿಗೆ ಹೆಸರಾದದ್ದು ಇದೇ ಮೀನ. ಅಲ್ಲಿಂದ ಅದು ಮಡಿ ಉಟ್ಟು ಪಂಚಾಂಗದೊಳಗೆ ಕೂತು, ಮೀನು ಮುಟ್ಟದವರ ಮನೆಯಲ್ಲೂ ಗೋಡೆಯ ಮೇಲೆ ತೂಗಿತು. ದಿನಾ ಬೆಳಿಗ್ಗೆ ಅದನ್ನು ನೋಡಿ ಕೈಮುಗಿಯುವ ನಮ್ಮ ಪಕ್ಕದ ಮನೆಯವರು ನಮ್ಮ ಒಲೆಯ ಘಾಟಿಗೆ ಮಾತ್ರ ಕಿಟಕಿ ಮುಚ್ಚುತ್ತಾರೆ.

ಪಂಚಾಂಗದಿಂದ ಮತ್ತೆ ಬೀದಿಗೆ ಇಳಿದದ್ದು ‘ಮೀನಮೇಷ ಎಣಿಸು’ ಎಂಬ ನುಡಿಗಟ್ಟು. ಮೀನ ಕೊನೆಯ ರಾಶಿ, ಮೇಷ ಮೊದಲನೆಯದು. ಮುಹೂರ್ತ ನೋಡುವವರು ಬೆರಳಿನ ಗೆಣ್ಣಿನ ಮೇಲೆ ಎಣಿಸುತ್ತ ಎಣಿಸುತ್ತ ಕೊನೆ ಮುಟ್ಟಿ, ಮತ್ತೆ ಮೊದಲಿಗೆ ಬಂದು, ಅಷ್ಟರಲ್ಲಿ ಮದುವೆ ಗಂಡಿಗೆ ತಲೆ ನರೆಯುವುದು. ಕರಾವಳಿಯಲ್ಲಿ ಈ ಮಾತಿಗೆ ಇನ್ನೊಂದು ಮೊನೆ ಇದೆ. ಬಂಗುಡೆಯೋ ಬೈಗೆಯೋ ಎಂದು ನಾನು ತೂಗುತ್ತಿದ್ದಾಗ ಆ ಹೆಂಗಸು ತಲೆಯ ಸಿಂಬಿ ಸರಿಮಾಡಿಕೊಂಡು, ‘ನೀವ್ ಮೀನಮೇಷ ಎಣ್ಸತಾ ನಿಂತ್ರೆ ನನ್ ಮೀನ್ ಹಾಳಾತ್ತ್’ ಎಂದಳು. ಜ್ಯೋತಿಷಿಯ ಮೀನೂ ಬುಟ್ಟಿಯ ಮೀನೂ ಒಂದೇ ವಾಕ್ಯದಲ್ಲಿ ಮುಖಾಮುಖಿಯಾದದ್ದು ಅವಳಿಗೆ ಗೊತ್ತಾಗಲಿಲ್ಲ. ನಾನು ನಕ್ಕೆ. ಯಾಕೆ ನಕ್ಕೆ ಎಂದು ತಿಳಿಯದೆ ಆಕೆ ಒಂದು ಬೈಗೆ ಕಡಿಮೆ ಹಾಕಿದಳು.

ಆ ದಿನ ಕೊನೆಗೆ ಕೊಂಡದ್ದು ಬೈಗೆಯನ್ನು. ಮಳೆಗಾಲದಲ್ಲಿ ಮೊಟ್ಟೆಯಿಟ್ಟು ಬಡವಾದ ಬೈಗೆ ಆಮೇಲೆ ಮೇದು ಮೇದು ಮೈಯಲ್ಲಿ ಎಣ್ಣೆ ತುಂಬಿಕೊಳ್ಳುವುದು ಚಳಿಗಾಲದ ಹೊಸ್ತಿಲಲ್ಲೇ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ದೋಣಿಗಳು ದಡದಲ್ಲಿ ಕಟ್ಟಿಕೊಂಡಿರುತ್ತವೆ. ಆಗ ನಾವು ಒಣಮೀನು ಸುಟ್ಟುಕೊಂಡು ಗಂಜಿ ಉಂಡ ಜನ. ಹಾಗಾಗಿ ಡಿಸೆಂಬರಿನ ಬೈಗೆಯ ಮೇಲೆ ನಮಗೊಂದು ಹಕ್ಕಿದೆ. ಬೈಗೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಬಿದ್ದ ಗುಳಿ ಕೂಡಲೇ ಮೇಲೆದ್ದರೆ ಅದು ನಿನ್ನೆ ರಾತ್ರಿಯದು. ಕಿವಿರು ಎತ್ತಿದರೆ ದಾಸವಾಳದ ಕೆಂಪು ಇರಬೇಕು. ಕಣ್ಣು ಮಂಜಾಗಿದ್ದರೆ ‘ಇವತ್ತಿಂದೇ’ ಎಂಬ ಮಾತನ್ನು ನಂಬಬಾರದು. ಕಾದ ಕಾವಲಿಗೆ ಹಾಕಿದರೆ ಒಳ್ಳೆಯ ಬೈಗೆ ತನ್ನ ಎಣ್ಣೆಯಲ್ಲೇ ಚುರುಗುಟ್ಟುತ್ತದೆ. ಉಳಿದದ್ದು ಸಾರು. ರಾತ್ರಿಯ ಚಳಿಗೆ ಮಡಕೆಯಲ್ಲಿ ಗಟ್ಟಿಯಾಗಿ, ಬೆಳಿಗ್ಗೆ ಬಿಸಿಮಾಡಿದಾಗ ಇನ್ನೂ ಗಟ್ಟಿಯಾಗಿ, ದೋಸೆಯ ಅಂಚಿಗೆ ಅಂಟಿಕೊಂಡು ಬರುವ ಆ ನಿನ್ನೆಯ ಸಾರಿಗೆ ಕನ್ನಡದಲ್ಲಿ ಒಂದು ಒಂಟಿಪದ ಇಲ್ಲದಿರುವುದು ನಮ್ಮ ನಿಘಂಟುಕಾರರೆಲ್ಲ ಘಟ್ಟದ ಮೇಲಿನವರಾದ್ದರಿಂದ ಎಂಬುದು ನನ್ನ ಗುಮಾನಿ.

ಮೀನು ಮಾತಾಗಿ ನಮ್ಮ ಮೈಯೊಳಗೂ ಸೇರಿಕೊಂಡಿದೆ. ಮೊಣಕಾಲಿನ ಹಿಂದೆ, ಕೆಳಗೆ, ದಪ್ಪಗೆ ಉಬ್ಬಿ ಹಿಮ್ಮಡಿಯತ್ತ ಸಪೂರವಾಗುವ ಮಾಂಸಕ್ಕೆ ಮೀನಖಂಡ ಎಂಬ ಹೆಸರಿಟ್ಟವನು ಮೀನನ್ನು ಕೈಯಲ್ಲಿ ಹಿಡಿದೇ ಇಟ್ಟಿರಬೇಕು. ಇದರ ನಿಜ ಅರ್ಥ ನನಗೆ ತಿಳಿದದ್ದು ಪಂಚಗಂಗಾವಳಿಯ ಹಿನ್ನೀರಿನಲ್ಲಿ. ಕಳೆದ ಚಳಿಗಾಲ ಭಾವನ ಗಾಳ ಎರವಲು ತಂದು, ಕೊಕ್ಕೆಗೆ ಚಟ್ಲಿ, ಅಂದರೆ ಸಿಗಡಿ, ಸಿಕ್ಕಿಸಿ, ಬೆಳಗಿನ ಐದೂವರೆಗೆ ಮೊಣಕಾಲುದ್ದ ನೀರಿನಲ್ಲಿ ನಿಂತೆ. ಕಾಣೆ ಹಿಡಿಯುವುದು ಉದ್ದೇಶ. ಹೆಸರೇ ಕಾಣೆ, ಕಾಣಿಸಲಿಲ್ಲ. ಮೂರು ಗಂಟೆಯಲ್ಲಿ ಒಂದು ಏಡಿ ಬಂದು ಚಟ್ಲಿಯನ್ನು ನಿಧಾನವಾಗಿ, ಮದುವೆ ಊಟದಂತೆ ಉಂಡು ಹೋಯಿತು. ತಣ್ಣೀರಿಗೆ ನನ್ನ ಎಡಗಾಲಿನ ಮೀನಖಂಡ ಗಂಟುಕಟ್ಟಿ ನಿಂತಿತು. ಕುಂಟುತ್ತ ಮನೆಗೆ ಬಂದಾಗ ಭಾವ ಕೇಳಿದ್ದು ಒಂದೇ ಮಾತು: ‘ಮೀನ್ ಹಿಡಿತಾ?’ ಹಿಡಿದಿತ್ತು, ಕಾಲನ್ನು.

ಹಳಗನ್ನಡದಲ್ಲಿ ಮೀನು ಹಿಡಿಯುವವನಿಗೆ ಮೀಂಗುಲಿಗ ಎನ್ನುತ್ತಿದ್ದರು. ಎಷ್ಟು ಚೆಂದದ ಮಾತು! ಅದು ಹೋಗಿ ‘ಗಾರ’ ಅಂಟಿಸಿಕೊಂಡ ಮೀನುಗಾರ ಬಂದ. ಒಂದು ಸಮಾಧಾನವೆಂದರೆ ಬೆಂಗಳೂರಿನ ಸರ್ಕಾರ ಇಲಾಖೆಗೆ ಮೀನುಗಾರಿಕೆ ಎಂದೇ ಹೆಸರಿಟ್ಟಿದೆ. ದಿಲ್ಲಿಯಿಂದ 2020ರಲ್ಲಿ ಬಂದ ಯೋಜನೆ ಮಾತ್ರ ‘ಮತ್ಸ್ಯ ಸಂಪದ’. ಒಂದೇ ಅರ್ಜಿ ನಮೂನೆಯಲ್ಲಿ ಮೀನೂ ಮತ್ಸ್ಯವೂ ಎದುರುಬದುರು ಕೂತಿರುವುದನ್ನು ನೋಡಿದರೆ ಬೀಗರ ಮನೆಯ ಪಂಕ್ತಿ ನೆನಪಾಗುತ್ತದೆ.

ಇನ್ನು ಮೀನಿನ ಹುಟ್ಟಿನ ವಿಚಾರ. ಇಲ್ಲಿ ಎರಡು ಪಕ್ಷ.

ಒಂದನೆಯದು ವಿದ್ವಾಂಸರದು. ಮಿಂಚು, ಮಿನುಗು, ಮಿಣುಕುಹುಳು, ಮೊನ್ನೆ ಮೊನ್ನೆ ಹುಟ್ಟಿದ ಮಿಂಚಂಚೆ, ಇವೆಲ್ಲ ಹೊಳೆಯುವ ಬಳಗ. ಮಿನುಗುವುದೇ ಮೀನು ಎಂದು ಅವರಲ್ಲಿ ಕೆಲವರ ವಾದ. ತಮಿಳು ಇವರ ಬೆನ್ನಿಗಿದೆ: ಅಲ್ಲಿ ಮೀನ್ ಎಂದರೆ ನಕ್ಷತ್ರವೂ ಹೌದು, ಆಕಾಶದ್ದು ಬೇರೆ ಎಂದು ತೋರಿಸಲು ವಿಣ್‌ಮೀನ್ ಎನ್ನುತ್ತಾರೆ. ಹಳೆಯ ತಮಿಳಿನಲ್ಲಿ ಕೃತ್ತಿಕೆ ಆರು ಮೀನು, ಸಪ್ತರ್ಷಿ ಏಳು ಮೀನು. ಬೊಂಬಾಯಿಯಲ್ಲಿದ್ದ ಸ್ಪೇನಿನ ಪಾದ್ರಿ ಹೆನ್ರಿ ಹೆರಾಸ್ ಇದೇ ಎಳೆ ಹಿಡಿದು ಸಿಂಧೂ ಕಣಿವೆಯ ಮುದ್ರೆಗಳ ಮೀನಿನ ಚಿತ್ರವನ್ನು ‘ಮೀನ್’ ಎಂದೇ ಓದಬೇಕು, ಅದರ ಅರ್ಥ ಚುಕ್ಕಿ ಎಂದರು. ಫಿನ್ಲೆಂಡಿನ ಆಸ್ಕೊ ಪರ್ಪೋಲ 1994ರ ತಮ್ಮ ಪುಸ್ತಕದಲ್ಲಿ ಅದನ್ನು ಇನ್ನಷ್ಟು ಬೆಳೆಸಿದರು: ಮೀನಿನ ಪಕ್ಕ ಆರು ಗೀಟಿದ್ದರೆ ಕೃತ್ತಿಕೆ, ಏಳಿದ್ದರೆ ಸಪ್ತರ್ಷಿ. ಆ ಲಿಪಿ ಇನ್ನೂ ಯಾರ ಗಾಳಕ್ಕೂ ಸಿಕ್ಕಿಲ್ಲ, ಆದ್ದರಿಂದ ಇದು ಊಹೆಯೇ. ಆದರೂ ನಾಲ್ಕು ಸಾವಿರ ವರ್ಷದ ಹಿಂದೆ ಯಾರೋ ಕಲ್ಲಿನಲ್ಲಿ ಮೀನು ಕೆತ್ತಿ ಆಕಾಶ ತೋರಿಸಿದ್ದಾನೆ ಎಂದುಕೊಂಡರೆ ಚಳಿಯಲ್ಲೂ ಮೈ ಬೆಚ್ಚಗಾಗುತ್ತದೆ.

ಎರಡನೆಯ ಪಕ್ಷ ನಮ್ಮ ಅಜ್ಜಿಯದು. ಅವರ ಪ್ರಕಾರ ಮೀನು ಬಂದದ್ದು ಮೀಯುವುದರಿಂದ. ಧನುರ್ಮಾಸದ ಬೆಳಿಗ್ಗೆ, ಬಚ್ಚಲೊಲೆಗೆ ತೆಂಗಿನ ಮಡಲು ತುರುಕಿ, ಹಂಡೆಯ ನೀರು ಕುದಿಯುತ್ತಿದ್ದರೂ ನಾವು ಕಂಬಳಿ ಬಿಟ್ಟು ಏಳುತ್ತಿರಲಿಲ್ಲ. ಆಗ ಅವರ ವ್ಯಾಕರಣ ಪಾಠ: ‘ಮೀನ್ ಕಾಣ್ ಮಗಾ, ಅದ್ಕೆ ಚಳಿ ಆತ್ತಾ? ಯಾವಾಗ್ಳೂ ಮೀತೇ ಇರತ್ತ್, ಅದಕ್ಕೇ ಮೀನ್ ಅಂಬ್ದ್.’ ನಾನು ಬಹಳ ವರ್ಷ ಇದನ್ನೇ ನಂಬಿದ್ದೆ. ಕಾಲೇಜಿಗೆ ಹೋದ ಮೇಲೆ ಬರೋ ಮತ್ತು ಎಮೆನೋ ಅವರ ದ್ರಾವಿಡ ನಿಘಂಟು ತೆಗೆದು ನೋಡಿದೆ. ಅಲ್ಲಿ ಮೀನು ಬೇರೆ ಮನೆ, ಮಿಂಚು ಬೇರೆ ಮನೆ, ಮೀಯುವುದು ಇನ್ನೊಂದು ಮನೆ. ಎರಡು ಪಕ್ಷಕ್ಕೂ ಬಾಗಿಲು ಹಾಕಿದ್ದಾರೆ. ಮನೆಗಳು ಒಂದೇ ಕೇರಿಯಲ್ಲಿವೆ ಎಂಬುದಷ್ಟೇ ಸಮಾಧಾನ. ಅಜ್ಜಿಗೆ ಇದನ್ನು ಹೇಳಿದೆ. ‘ಅವ್ರ್ ಮೀನ್ ತಿಂತ್ರಾ?’ ಎಂದರು. ಗೊತ್ತಿಲ್ಲ ಎಂದೆ. ‘ಮತ್ತೆಂತಕ್ಕೆ ಹೇಳೂದ್?’ ಎಂದು ಎದ್ದು ಹೋದರು.

ನಾನು ಬುದ್ಧಿಯಲ್ಲಿ ನಿಘಂಟಿನವನು, ಮನಸ್ಸಿನಲ್ಲಿ ಅಜ್ಜಿಯವನು. ಹೊಳೆಯುವ ಪಕ್ಷಕ್ಕೆ ಒಲಿದದ್ದು ಒಂದೇ ಒಂದು ರಾತ್ರಿ. 2020ರ ನವೆಂಬರಿನಲ್ಲಿ ನಮ್ಮ ಕರಾವಳಿಯ ಅಲೆಗಳು ರಾತ್ರಿಯಲ್ಲಿ ನೀಲಿಯಾಗಿ ಹೊಳೆಯುತ್ತಿವೆ ಎಂದು ಸುದ್ದಿಯಾಗಿ ಜನ ಕಾರು ಮಾಡಿಕೊಂಡು ಬಂದು ನೋಡಿದರು. ನೋಕ್ಟಿಲುಕ ಎಂಬ, ಕಣ್ಣಿಗೆ ಕಾಣುವುದೂ ಕಷ್ಟವಾದ ಜೀವಿಯ ಬೆಳಕು ಅದು, ನೀರು ಕದಡಿದರೆ ಬೆಳಗುತ್ತದೆ. ನಾನೂ ಹೋಗಿದ್ದೆ. ನಮ್ಮ ಪಕ್ಕ ನಿಂತಿದ್ದ ಮುದುಕ ಮೀನುಗಾರರಿಗೆ ಮಾತ್ರ ಅದರಲ್ಲಿ ಅಂಥ ವಿಶೇಷ ಕಾಣಲಿಲ್ಲ. ಚಂದ್ರನಿಲ್ಲದ ರಾತ್ರಿ ಬಂಗುಡೆಯ ಹಿಂಡು ಎಲ್ಲಿದೆ ಎಂದು ನೋಡುವುದೇ ಹೀಗೆ, ಹಿಂಡು ಓಡಿದ ಕಡೆ ನೀರು ಬೆಳಗುತ್ತದೆ ಎಂದರು. ಮೇಲೆ ಕೃತ್ತಿಕೆ ಇತ್ತು. ನಾನು ಎಣಿಸಿದೆ, ಆರು. ಕೆಳಗೆ ಕಪ್ಪು ನೀರಿನಲ್ಲಿ ಒಂದು ಬೆಳಕಿನ ಗೀರು ಸರ್ರನೆ ಹೋಗಿ ಆರಿತು. ಮೀನೋ ಮಿಂಚೋ ನಿಘಂಟಿನವರು ತೀರ್ಮಾನಿಸಲಿ.

ಈ ಸಲ ಡಿಸೆಂಬರಿನಲ್ಲಿ ಯಕ್ಷಗಾನಕ್ಕೆ ಹೋಗಿ ರಾತ್ರಿಯಿಡೀ ನಿದ್ದೆಗೆಟ್ಟು, ಬರುವ ದಾರಿಯಲ್ಲಿ ಬಂಗುಡೆ ಕೊಂಡು ಮನೆಗೆ ಬಂದೆ. ಚೀಲದಿಂದ ಸೋರಿದ ನೀರು ಪ್ಯಾಂಟಿಗೆಲ್ಲ ಆಗಿತ್ತು. ಬಾಗಿಲಲ್ಲಿ ಅಮ್ಮ ಚೀಲವನ್ನು ಎರಡು ಬೆರಳಲ್ಲಿ ಇಸಿದುಕೊಂಡು, ನನ್ನನ್ನು ಮೇಲಿಂದ ಕೆಳಗೆ ನೋಡಿ, ಬಚ್ಚಲ ಕಡೆ ಕೈ ತೋರಿಸಿದರು.

‘ಮೊದ್ಲ್ ಮಿಂದ್ಕಂಡ್ ಬಾ.’